ಮುಳುಗಿದ್ದನ್ನು ನೋಡಿ ಬರುವವರು

ಹೋದ ತಿಂಗಳು ನಮ್ಮೂರು ಶಿವಮೊಗ್ಗದ ಪತ್ರಿಕೆಯೊಂದರ ಒಳಪುಟದಲ್ಲಿ ಅಂಗೈಯಗಲದ ಒಂದು ಸುದ್ದಿ ಬಂದಿತ್ತು. ರವೀಂದ್ರನಗರದ ನಿವಾಸಿ, ನಿವೃತ್ತ ಕ್ಯಾಪ್ಟನ್ ಒಬ್ಬರು ತೀರಿಕೊಂಡಿದ್ದಾರೆ, ಮೃತರು ಪತ್ನಿಯನ್ನೂ ಅಪಾರ ಬಂಧುಬಳಗವನ್ನೂ ಅಗಲಿದ್ದಾರೆ, ಎಂದು. ಓದಿ ದುಃಖವಾಯಿತು. ದುಃಖದ ಬೆನ್ನಿಗೇ, ಹೇಳಬಾರದು, ನಗುವೂ ಬಂತು. ಬದುಕಿದ್ದಷ್ಟು ಕಾಲ ತಾನು ಕ್ಯಾಪ್ಟನ್ ಅಲ್ಲವೆಂದು ಈ ಊರಿಗೆ ಮನವರಿಕೆ ಮಾಡಿಕೊಡಲು ಹೆಣಗಿದ ಮನುಷ್ಯ, ಕಡೆಗೆ ಕ್ಯಾಪ್ಟನ್ ಆಗಿಯೇ ಸತ್ತಿದ್ದರು. ಪತ್ರಿಕೆಗೆ ತಿದ್ದುಪಡಿ ಕಳಿಸೋಣವೆಂದು ಪೆನ್ನು ತೆಗೆದೆ. ಆದರೆ ಒಂದು ಸಾಲಿನಲ್ಲಿ ತಿದ್ದುವಂಥ ಸಂಗತಿಯಲ್ಲ ಅದು.

ಅವರು ಹಡಗುಗಳ ವಿನ್ಯಾಸ ಮಾಡುವ ಇಂಜಿನಿಯರು. ನೇವಲ್ ಆರ್ಕಿಟೆಕ್ಟ್ ಎಂಬುದು ಆ ಕಸುಬಿನ ಹೆಸರು. ಪೂರ್ವ ಕರಾವಳಿಯ ದೊಡ್ಡದೊಂದು ಶಿಪ್‌ಯಾರ್ಡಿನಲ್ಲಿ ಅರ್ಧ ಆಯುಷ್ಯ ಕಳೆದು, ತೊಂಬತ್ತರ ದಶಕದ ನಡುವೆ ಸ್ವಯಂನಿವೃತ್ತಿ ಪಡೆದು, ಹೆಂಡತಿಯ ತವರು ಭದ್ರಾವತಿಗೆ ಹತ್ತಿರವಾಗಲೆಂದು ನಮ್ಮ ಪಕ್ಕದ ಮನೆಗೆ ಬಂದಿದ್ದರು. ಬಂದ ವಾರದಲ್ಲೇ ಕ್ಷೌರದ ಅಂಗಡಿಯಲ್ಲಿ ಯಾರೋ ಅವರನ್ನು ಕ್ಯಾಪ್ಟನ್ ಎಂದು ಕರೆದರು. ಅವರು ಮುಖದ ಮೇಲಿನ ನೊರೆಯನ್ನು ಅಲ್ಲೇ ಬಿಟ್ಟು, ಎದ್ದು ಕೂತು, ವಿವರವಾಗಿ ತಿಳಿಹೇಳಿದರು. "ಎತ್ತಿನ ಗಾಡಿ ಹೊಡೆಯೋನೂ ಗಾಡಿ ಮಾಡಿದ ಬಡಗೀನೂ ಒಂದೇನಾ? ಹಡಗು ನಡೆಸೋನು ಕ್ಯಾಪ್ಟನ್. ಅದು ಮುಳುಗದ ಹಾಗೆ ನೋಡ್ಕೊಳ್ಳೋನು ನಾನು." ಕ್ಷೌರಿಕ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, "ಸರಿ ಕ್ಯಾಪ್ಟನ್ ಸಾರ್, ಈಗ ಕತ್ತು ಸ್ವಲ್ಪ ಎತ್ತಿ" ಎಂದ. ಅಲ್ಲಿಗೆ ಆ ವ್ಯಾಜ್ಯ ಇತ್ಯರ್ಥವಾಯಿತು.

ಮುಳುಗದ ಹಾಗೆ ನೋಡಿಕೊಳ್ಳುವುದು ಅವರಿಗೆ ಉದ್ಯೋಗವಷ್ಟೇ ಆಗಿರಲಿಲ್ಲ, ರಕ್ತಕ್ಕೆ ಇಳಿದ ವ್ಯಾಧಿಯಾಗಿತ್ತು. ಭಾರ ಎಲ್ಲಿದೆ, ಅದು ಎತ್ತ ವಾಲುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಅವರು ಜಗತ್ತನ್ನು ನೋಡುತ್ತಿದ್ದರು. ಮದುವೆಮನೆಯಲ್ಲಿ ಸಾರಿನ ಬಕೆಟ್ ಹಿಡಿದು ಬರುವವನನ್ನು ಕಂಡರೆ ಊಟ ನಿಲ್ಲಿಸಿ ಅವನ ಸೊಂಟವನ್ನೇ ನೋಡುತ್ತಿದ್ದರು. ಒಮ್ಮೆ ಶಂಕರಘಟ್ಟಕ್ಕೆ ಹೋಗುವ ಖಾಸಗಿ ಬಸ್ಸಿಗೆ ನಾವಿಬ್ಬರೂ ಹೊರಟಿದ್ದೆವು. ವಿಶ್ವವಿದ್ಯಾಲಯದ ಹುಡುಗರು ಪುಸ್ತಕ ಸಮೇತ ಟಾಪ್ ಮೇಲೆ ಕೂತಿದ್ದರು, ಅವರ ಜೊತೆಗೆ ಯಾರದೋ ಅಡಿಕೆ ಮೂಟೆಗಳೂ ಇದ್ದವು. ಇವರು ಬಸ್ಸಿಗೆ ಒಂದು ಪ್ರದಕ್ಷಿಣೆ ಹಾಕಿ ಬಂದು, ಮೂಟೆಗಳನ್ನು ಕೆಳಗಿಳಿಸಿ ಒಳಗೆ ಸೀಟುಗಳ ನಡುವೆ ಹಾಕಿದ ಹೊರತು ಬಸ್ಸು ಹೊರಡುವಂತಿಲ್ಲ ಎಂದು ಅಪ್ಪಣೆ ಕೊಡಿಸಿದರು.

"ಇದು ಬಸ್ಸು ಸಾರ್, ಹಡಗಲ್ಲ" ಎಂದ ಕಂಡಕ್ಟರ್.

"ಮಗುಚೋವಾಗ ಎರಡೂ ಒಂದೇ ಕಣಯ್ಯ" ಎಂದರು ಇವರು.

ಕಂಡಕ್ಟರ್ ಅವರನ್ನು ಬಿಟ್ಟು ಹೋದ. ಬಸ್ಸು ಮಗುಚಲಿಲ್ಲ. ಅದು ಅವರಿಗೆ ಸ್ವಲ್ಪ ಬೇಸರ ತಂದಿತೆಂದೇ ನನ್ನ ಗುಮಾನಿ.

ಹೀಗೆ ತೇಲುವುದನ್ನು ಪೂಜಿಸುತ್ತಿದ್ದ ಮನುಷ್ಯನಿಗೆ ಪ್ರೀತಿ ಇದ್ದದ್ದು ಮಾತ್ರ ಮುಳುಗಿದ್ದರ ಮೇಲೆ. ವರ್ಷಕ್ಕೊಮ್ಮೆ, ಸಮುದ್ರ ತಿಳಿಯಾಗುವ ಚಳಿಗಾಲದಲ್ಲಿ, ರಬ್ಬರಿನ ಕರಿಯ ಅಂಗಿ, ಬೆನ್ನಿಗೆ ಕಟ್ಟುವ ಸಿಲಿಂಡರು, ಕಪ್ಪೆಯ ಪಾದಗಳಂಥ ಚಪ್ಪಲಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಘಟ್ಟ ಇಳಿದು ಹೋಗುತ್ತಿದ್ದರು. ಎಲ್ಲೋ ಗೋವೆಯ ಆಚೆ, ಎಲ್ಲೋ ದ್ವೀಪಗಳ ಮಗ್ಗುಲಲ್ಲಿ, ಯಾವ ಕಾಲದಲ್ಲೋ ಮುಳುಗಿದ ಹಡಗುಗಳ ಹತ್ತಿರ ಇಳಿದು, ನೋಡಿ, ಮುಟ್ಟಿ, ಮಾತಾಡಿಸಿಕೊಂಡು ಬರುತ್ತಿದ್ದರು. ಏಕೆ ಎಂದು ಕೇಳಿದರೆ, ತೇಲುವಷ್ಟು ದಿನ ಹಡಗನ್ನು ಯಾರೂ ಲೆಕ್ಕ ಕೇಳುವುದಿಲ್ಲ, ಮುಳುಗಿದ ಮೇಲೆ ಅದೇ ಲೆಕ್ಕ ಒಪ್ಪಿಸುತ್ತದೆ, ಹೋಗಿ ಕೇಳುವವರು ಬೇಕು, ಎನ್ನುತ್ತಿದ್ದರು. ಬಹಳಷ್ಟು ಹಡಗುಗಳು ಮುಳುಗುವುದು ಬಿರುಗಾಳಿಯಿಂದಲ್ಲವಂತೆ, ಯಾರೋ ಮುಚ್ಚಲು ಮರೆತ ಬಾಗಿಲಿನಿಂದಂತೆ.

ಊರಿನವರಿಗೆ ಈ ತತ್ವದಲ್ಲಿ ಆಸಕ್ತಿ ಇರಲಿಲ್ಲ. ಅವರು ಕೇಳುತ್ತಿದ್ದದ್ದು ಒಂದೇ, ನಿಧಿ ಸಿಕ್ಕಿತೇ ಎಂದು. ಇವರು ಬಹಳ ಗಂಭೀರವಾಗಿ, ಸಿಕ್ಕಿದ್ದು ಒಂದು ಪಿಂಗಾಣಿ ಕಕ್ಕಸು, ಅದರಲ್ಲಿ ಒಂದು ಭಾರಿ ಮೀನು ಸಂಸಾರ ಹೂಡಿತ್ತು, ಎಬ್ಬಿಸುವುದು ಸಭ್ಯತೆಯಲ್ಲವೆಂದು ಬಂದುಬಿಟ್ಟೆ, ಎನ್ನುತ್ತಿದ್ದರು. ಮುಳುಗಿದ ಹಡಗಿನಿಂದ ಒಂದು ಮೊಳೆಯನ್ನೂ ತರಬಾರದೆಂಬುದು ಅವರ ವ್ರತ. ಆ ಸಿಲಿಂಡರಿನದು ಇನ್ನೊಂದು ಕಥೆ. ಗ್ಯಾಸ್ ಬುಕ್ ಮಾಡಿ ತಿಂಗಳುಗಟ್ಟಲೆ ಕಾಯುತ್ತಿದ್ದ ಕಾಲ ಅದು. ಇವರ ವರಾಂಡದಲ್ಲಿ ಹೊಳೆಯುವ ಸಿಲಿಂಡರ್ ಒಂದು ಸುಮ್ಮನೆ ನಿಂತಿರುವುದನ್ನು ಕಂಡು ಎದುರುಮನೆಯವರು ಒಗ್ಗರಣೆಗಾದರೂ ಕೊಡಿ ಎಂದು ಕೇಳಲು ಬಂದರು. ಅದರಲ್ಲಿರುವುದು ಬರೀ ಗಾಳಿ, ಸಮುದ್ರದ ಕಡೆ ಹೋದಾಗಲೇ ತುಂಬಿಸಿಕೊಂಡು ಬರಬೇಕು, ಎಂದರು ಇವರು. "ಗಾಳಿಗೆ ಅಷ್ಟು ದೂರ ಯಾಕೆ ಹೋಗ್ಬೇಕು ಮಾರಾಯ್ರೇ, ನಮ್ಮ ಸೈಕಲ್ ಶಾಪಲ್ಲೇ ಹೊಡಿತಾನಲ್ಲ" ಎಂದು ಎದುರುಮನೆಯವರು ಮುನಿಸಿಕೊಂಡು ಹೋದರು.

ಇಷ್ಟೆಲ್ಲ ಪ್ರತಾಪವಿದ್ದರೂ ಅವರನ್ನು ಅಳೆದು ಬದಿಗಿಟ್ಟ ಒಂದು ಜೀವವಿತ್ತು. ಅದು ಅವರ ಅತ್ತೆ. ಭದ್ರಾವತಿಯ ಹಳೇ ಪೇಟೆಯಲ್ಲಿ ಒಬ್ಬರೇ ಇದ್ದರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಅವರ ಯಜಮಾನರು ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ ಆಯುಷ್ಯ ಸವೆಸಿದವರು. ಅಂಥ ಮನೆಗೆ ಮೊದಲ ಸಲ ಹೆಣ್ಣು ನೋಡಲು ಬಂದ ವರ, ತಾನು ಕಬ್ಬಿಣವನ್ನು ನೀರಿನ ಮೇಲೆ ತೇಲಿಸುತ್ತೇನೆ ಎಂದನಂತೆ. ಅಂದಿನಿಂದ ಅತ್ತೆಗೆ ಅಳಿಯನ ಮೇಲೆ ಅನುಮಾನ. ಭದ್ರಾವತಿಯಲ್ಲಿ ಹುಟ್ಟಿದ ಮಗುವಿಗೂ ಕಬ್ಬಿಣದ ಸ್ವಭಾವ ಗೊತ್ತು, ಅದು ತೇಲುವ ವಸ್ತುವಲ್ಲ, ತೇಲುತ್ತದೆ ಎನ್ನುವವರ ಕೈಗೆ ಹೆಣ್ಣು ಕೊಟ್ಟಿದ್ದೇವೆ, ಶಿವ ಕಾಪಾಡಲಿ, ಎನ್ನುವುದು ಅವರ ನಿಲುವು. ಅಳಿಯ ಪ್ರತಿ ಚಳಿಗಾಲ ಸಮುದ್ರದ ತಳಕ್ಕೆ ಹೋಗಿಬರುವುದು ಆ ನಿಲುವನ್ನು ಇನ್ನಷ್ಟು ಗಟ್ಟಿಮಾಡಿತ್ತು. ನೋಡಿದಿರಾ, ಕಡೆಗೆ ಎಲ್ಲಿ ಸಿಗುತ್ತವೆ ಹಡಗುಗಳು ಅಂತ, ಎನ್ನುತ್ತಿದ್ದರು.

ಅತ್ತೆಯ ಬಾಯಲ್ಲಿ ಒಂದು ಸಲವಾದರೂ ಭೇಷ್ ಅನಿಸಿಕೊಳ್ಳಬೇಕೆಂಬುದು ಅವರ ಒಳಗಿನ ಆಸೆ. ಹೇಳಿಕೊಂಡವರಲ್ಲ. ಆದರೆ ಭದ್ರಾವತಿಗೆ ಹೊರಟಾಗಲೆಲ್ಲ ಅವರು ಶರಟಿನ ಗುಂಡಿಯನ್ನು ಎರಡು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಇಂಥ ಸ್ಥಿತಿಯಲ್ಲಿ ಗಣಪತಿ ಬಂದ.

ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಗೆ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಅಧ್ಯಕ್ಷರು, ಬೇರೆ ಯಾರೂ ಒಪ್ಪದ ಕಾರಣ ನಾನು ಕಾರ್ಯದರ್ಶಿ. ಆ ವರ್ಷ ಗೋಪಾಳ ಬಡಾವಣೆಯ ಸಮಿತಿಯವರು ನಮಗಿಂತ ಎತ್ತರದ ಗಣಪತಿ ಕೂರಿಸುತ್ತಾರೆಂಬ ಗುಪ್ತ ವರ್ತಮಾನ ಬಂದು, ನಮ್ಮ ಅಧ್ಯಕ್ಷರು ಅದಕ್ಕಿಂತ ಎತ್ತರದ್ದನ್ನು ಮಾಡಿಸಿದರು. ಮಾಡಿಸಿದ ಮೇಲೆ, ಇದನ್ನು ಮುಳುಗಿಸುವುದು ಹೇಗೆ ಎಂಬ ಯೋಚನೆ ಹುಟ್ಟಿತು. ತುಂಗೆ ತುಂಬಿ ಹರಿಯುತ್ತಿದ್ದಳು, ಹೊಳೆಗೆ ಇಳಿಯುವಂತಿಲ್ಲವೆಂದು ಪೊಲೀಸರ ಕಟ್ಟಪ್ಪಣೆ. ಉಳಿದದ್ದು ಭದ್ರಾವತಿ ರಸ್ತೆಯ ಕಡೆಯ ಒಂದು ಕೆರೆ. ಅದರ ಅಂಚಿನಲ್ಲೆಲ್ಲ ಮೊಣಕಾಲುದ್ದ ನೀರು, ಆಳವೆಂದರೆ ತೂಬಿನ ಹತ್ತಿರ ಮಾತ್ರ. ಅಷ್ಟು ಎತ್ತರದ ಗಣಪತಿಯನ್ನು ಅಲ್ಲಿಯವರೆಗೆ ಒಯ್ಯಲು ತೆಪ್ಪ ಬೇಕು. ಸಮಿತಿಯ ಕಣ್ಣುಗಳೆಲ್ಲ ನಮ್ಮ ಪಕ್ಕದ ಮನೆಯ ಕಡೆ ತಿರುಗಿದವು.

ಅವರು ಮೊದಲು ಒಪ್ಪಲಿಲ್ಲ. "ನಾನು ತೇಲಿಸೋನು, ನೀವು ಮುಳುಗಿಸೋರು. ನಮ್ಮ ನಿಮ್ಮ ವ್ಯವಹಾರ ಕೂಡಲ್ಲ" ಎಂದರು. ಆದರೆ ಅತ್ತೆ ಆ ವಾರ ಮಗಳ ಮನೆಯಲ್ಲೇ ಇದ್ದರು. ಒಳಗಿನಿಂದ, "ಅವರ ಕೈಲಿ ಅದೆಲ್ಲ ಆಗೋದಿದ್ರೆ ಆಗ್ತಿತ್ತು ಬಿಡಿ" ಎಂಬ ಮಾತು ಕೇಳಿಬಂತು. ಅವರು ಒಪ್ಪಿದರು.

ಮುಂದಿನದು ಶಿವಮೊಗ್ಗದ ನೌಕಾ ಚರಿತ್ರೆಯ ಸುವರ್ಣಯುಗ. ಭದ್ರಾವತಿಯ ಗುಜರಿ ಅಂಗಡಿಯಿಂದ ಎಣ್ಣೆಯ ಖಾಲಿ ಪೀಪಾಯಿಗಳು ಬಂದವು. ಕಾರ್ಖಾನೆಯ ಹಿಂಬದಿಯ ತಮಿಳು ವೆಲ್ಡರ್ ಒಬ್ಬ ಕಬ್ಬಿಣದ ಚೌಕಟ್ಟು ಬೆಸೆದು, ಸಾಮಿ ಇದು ಮುಳುಗಾದೇ ಇಲ್ಲ ಎಂದು ಗ್ಯಾರಂಟಿ ಕೊಟ್ಟ. ಪೀಪಾಯಿಗಳನ್ನು ಅಡ್ಡಡ್ಡ ಮಲಗಿಸಿ ಚೌಕಟ್ಟಿಗೆ ಬಿಗಿದು, ಮೇಲೆ ಹಲಗೆ ಹಾಸಲಾಯಿತು. ಪ್ರತಿ ಪೀಪಾಯಿಯ ಬಾಯಿಗೂ ರಬ್ಬರ್ ವಾಷರ್ ಇಟ್ಟು, ತಿರುಗಿಸುವ ಬಿರಡೆಯನ್ನು ಅವರೇ ಸ್ಪ್ಯಾನರಿನಿಂದ ಬಿಗಿದರು. ಒಳಗಿನ ಗಾಳಿಯೇ ತೆಪ್ಪದ ಪ್ರಾಣ, ಗಣಪತಿ ಕೂರುವುದು ಹಲಗೆಯ ಮೇಲಲ್ಲ, ಆ ಗಾಳಿಯ ಮೇಲೆ, ಎಂದು ನಮಗೆಲ್ಲ ಪಾಠ ಹೇಳಿದರು.

ವಿಸರ್ಜನೆಯ ಹಿಂದಿನ ದಿನ ಪರೀಕ್ಷೆ. ಹೊಸ ಹಡಗನ್ನು ಸಮುದ್ರಕ್ಕೆ ಬಿಡುವ ಮುನ್ನ ಭಾರವನ್ನು ಆಚೀಚೆ ಸರಿಸಿ ಅದೆಷ್ಟು ವಾಲುತ್ತದೆಂದು ನೋಡುವ ಪದ್ಧತಿಯಂತೆ. ತೆಪ್ಪದ ನಡುವೆ ಗಾರೆಯವರ ತೂಕದ ಗುಂಡೊಂದನ್ನು ದಾರದಲ್ಲಿ ಇಳಿಬಿಟ್ಟು, ಭಾರದ ಬದಲಿಗೆ ಸಮಿತಿಯ ಸದಸ್ಯರನ್ನು ಹತ್ತಿಸಿದರು. ಸಮಿತಿಯಲ್ಲಿ ವಕೀಲರಿದ್ದರು, ಡಾಕ್ಟರರಿದ್ದರು, ಇತಿಹಾಸ ಪಾಠ ಹೇಳುವ ನಾನಿದ್ದೆ. ದಡದಲ್ಲಿ ನಿಂತು ಅವರು "ಎಲ್ಲರೂ ಎಡಕ್ಕೆ" ಎಂದರೆ ಎಡಕ್ಕೆ, "ಬಲಕ್ಕೆ" ಎಂದರೆ ಬಲಕ್ಕೆ ನಾವು ಸರಿಯಬೇಕು. ಆಮೇಲೆ ಹೆಚ್ಚಿನ ನಿಖರತೆಗಾಗಿ "ಅಧ್ಯಕ್ಷರು ಒಬ್ಬರೇ ಬಲಕ್ಕೆ ಬನ್ನಿ, ಉಳಿದವರೆಲ್ಲ ಎಡಕ್ಕೆ" ಎಂದರು. ತೂಕದ ಗುಂಡು ಎರಡೂ ಕಡೆಗೆ ಸಮನಾಗಿ ನಿಂತಿತು. ಸಭೆಯಲ್ಲಿ ಎಷ್ಟೋ ಸಲ ಆಗಬೇಕಿದ್ದ ತೀರ್ಮಾನ ಅಂದು ನೀರಿನ ಮೇಲಾಯಿತು. ತೆಪ್ಪ ಅಲುಗಲಿಲ್ಲ. "ಇದು ಮುಳುಗಬೇಕಾದ್ರೆ ನೀವು ತುಂಬಾ ಪ್ರಯತ್ನ ಪಡಬೇಕು" ಎಂದು ಅವರು ಘೋಷಿಸಿದರು. ದಡದಲ್ಲಿದ್ದ ಅತ್ತೆ ಆ ಹೊತ್ತು ಏನೂ ಅನ್ನಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ಬಿರುದೇ.

ಮರುದಿನ ಬೆಳಿಗ್ಗೆ ತೆಪ್ಪಕ್ಕೆ ಬಾಳೆಕಂದು, ಮಾವಿನ ತೋರಣ, ಚೆಂಡುಹೂವಿನ ಸರ. ಪೀಪಾಯಿಗಳು ಕಾಣದಷ್ಟು ಅಲಂಕಾರ. ಉಸ್ತುವಾರಿ ಅತ್ತೆಯದು, ಕೈಕೆಲಸ ಶಾಮಿಯಾನದವನದು. ಪೂಜೆಗೆ ಮಡಿಯಲ್ಲಿ ಬರಬೇಕೆಂದು ಅತ್ತೆ ಅಳಿಯನನ್ನು ಸ್ನಾನಕ್ಕೆ ಮನೆಗೆ ಅಟ್ಟಿದ್ದರು. ಅವರು ಪಂಚೆ ಉಟ್ಟು ಬರುವ ಹೊತ್ತಿಗೆ ಗಣಪತಿ ತೆಪ್ಪ ಏರಿಯಾಗಿತ್ತು.

ಗಣಪತಿ, ಪುರೋಹಿತರು, ಅಧ್ಯಕ್ಷರು ಮತ್ತು ನಾಲ್ಕಾರು ಮಂದಿಯನ್ನು ಹೊತ್ತು ತೆಪ್ಪ ಹಗ್ಗದ ಎಳೆತಕ್ಕೆ ನಿಧಾನವಾಗಿ ತೂಬಿನ ಕಡೆ ಸಾಗಿತು. ಅಲ್ಲಿ ಮಂಗಳಾರತಿಯಾಗಿ, ಆಮೇಲೆ ವಿಸರ್ಜನೆ ಎಂದು ಕ್ರಮ. ಆದರೆ ಆರತಿಗೆ ಮುಂಚೆ ಅಧ್ಯಕ್ಷರು ಕೈಯಲ್ಲಿ ಮೈಕು ಹಿಡಿದು, ದಡದಲ್ಲಿ ನಿಂತ ಗೋಪಾಳದವರ ಕಡೆ ತಿರುಗಿ, ಎತ್ತರದ ಮಹತ್ವ ಕುರಿತು ನಾಲ್ಕು ಮಾತು ಆಡತೊಡಗಿದರು. ನಾಲ್ಕು ಮಾತು ಬೆಳೆಯಿತು. ಮಾತು ಬೆಳೆದ ಹಾಗೆ ತೆಪ್ಪದ ಒಂದು ಮೂಲೆ ಇಳಿಯುತ್ತ ಬಂತು. ದಡದಲ್ಲಿದ್ದ ನಮ್ಮ ಇಂಜಿನಿಯರು ಮೊದಲು ನೀರನ್ನು ನೋಡಿದರು, ಆಮೇಲೆ ಆಕಾಶ ನೋಡಿದರು, ಆಮೇಲೆ ಬಿಳಿಚಿಕೊಂಡರು. "ಭಾಷಣ ನಿಲ್ಸಿ, ಎಳೀರೋ ಹಗ್ಗ" ಎಂದು ಕೂಗಿದರು. ಅಧ್ಯಕ್ಷರ ಭಾಷಣವನ್ನು ಯಾರಾದರೂ ನಿಲ್ಲಿಸಿದ ದಾಖಲೆ ಅದುವರೆಗೆ ಇರಲಿಲ್ಲ. ನೀರು ನಿಲ್ಲಿಸಿತು. ಗಣಪತಿ ಒಂದು ಪಕ್ಕಕ್ಕೆ ಬಾಗಿ, ಯಾರಿಗೋ ನಮಸ್ಕಾರ ಮಾಡುವವನಂತೆ ಕೆರೆಗೆ ಇಳಿದ. ಅವನನ್ನು ತಬ್ಬಿಕೊಂಡೇ ಹೊರಟಿದ್ದ ಅಧ್ಯಕ್ಷರನ್ನು ಬೆಸ್ತರು ಬಿಡಿಸಿ ದಡಕ್ಕೆ ತಂದರು. ಪ್ರಾಣಕ್ಕೆ ಯಾರಿಗೂ ಏನೂ ಆಗಲಿಲ್ಲ.

ಗಣಪತಿ ಹೇಗೂ ಮುಳುಗಬೇಕಾದವನೇ, ಇಷ್ಟು ಗಲಾಟೆ ಏಕೆ ಎಂದು ನೀವು ಕೇಳಬಹುದು. ಮಂಗಳಾರತಿ ಆಗಿರಲಿಲ್ಲ. ಆರತಿಯಿಲ್ಲದೆ ದೇವರನ್ನು ನೀರು ಪಾಲು ಮಾಡಿದ ಅಪಕೀರ್ತಿ ಇಡೀ ಬಡಾವಣೆಯ ತಲೆಗೆ ಬಂದು, ಅಲ್ಲಿಂದ ನೆಟ್ಟಗೆ ತೆಪ್ಪ ಕಟ್ಟಿದವರ ತಲೆಗೆ ಇಳಿಯಿತು. ಗೋಪಾಳದವರು ಸಂತಾಪ ಸೂಚಿಸಿ ಒಂದು ಬುಟ್ಟಿ ಕಡುಬು ಕಳಿಸಿದರು. ಒದ್ದೆ ಪಂಚೆಯಲ್ಲೇ ನಿಂತ ಅಧ್ಯಕ್ಷರು ನೂರಾರು ಜನರ ಎದುರು, "ಇವರು ಸಮುದ್ರದ ತಳದಲ್ಲಿ ಹಡಗು ಯಾಕೆ ಹುಡುಕ್ತಾರೆ ಅಂತ ಈಗ ಗೊತ್ತಾಯ್ತು ನೋಡ್ರಪ್ಪ. ಎಲ್ಲಾ ಇವರೇ ಕಟ್ಟಿದ್ದು" ಎಂದರು.

ಜನ ನಕ್ಕರು. ಮಾತು ಚೆನ್ನಾಗಿತ್ತು, ನನಗೂ ತುಟಿಯಂಚಿಗೆ ಬಂದಿತ್ತು. ಆದರೆ ಅವರ ಮುಖ ನೋಡಿದೆ. ಇಷ್ಟು ಕಾಲ ಕಟ್ಟಿದ ಒಂದೊಂದು ಹಡಗೂ ಆ ಒಂದು ಮಾತಿಗೆ ಮುಳುಗಿಹೋಗಿತ್ತು. ಹಿನ್ನೀರಿನ ಊರಿನವರು ಜನರನ್ನು ದಾಟಿಸುವ ತಮ್ಮ ಹೊಸ ಲಾಂಚಿಗೆ ಅವರಿಂದ ನಕ್ಷೆ ಬರೆಸುವುದೆಂದು ಮಾತಾಗಿತ್ತು. ಅವರಲ್ಲಿ ಇಬ್ಬರು ಜನರ ನಡುವೆಯೇ ನಿಂತಿದ್ದರು, ಸುಮ್ಮನೆ ಹಿಂದಕ್ಕೆ ಸರಿದು ಹೋದರು.

ಆಗ ಯಾರೂ ನಿರೀಕ್ಷಿಸದ ಕಡೆಯಿಂದ ದನಿಯೊಂದು ಎದ್ದಿತು. ಅತ್ತೆ. "ನಮ್ಮ ಅಳಿಯಂದ್ರ ಲೆಕ್ಕ ತಪ್ಪಲ್ಲ. ನಿನ್ನೆ ಕಣ್ಣಾರೆ ನೋಡಿದೀನಿ. ತೂಕ ಹೆಚ್ಚಾಗಿದ್ದು ಯಾರದು ಅಂತ ಎಲ್ರಿಗೂ ಗೊತ್ತು" ಎಂದು ಅಧ್ಯಕ್ಷರನ್ನು ಮೇಲಿಂದ ಕೆಳಗೆ ನೋಡಿದರು.

ಅಷ್ಟು ವರ್ಷ ಕಾದಿದ್ದ ಮಾತು ಬಂದದ್ದು ಎಂಥ ಹೊತ್ತಿನಲ್ಲಿ. ನಮ್ಮವರು ಅತ್ತೆಯ ಕಡೆ ನೋಡಿ, "ನಾಳೆ ಇಳಿದು ನೋಡ್ತೀನಿ" ಎಂದರು.

ಚಳಿಗಾಲದ ಸಮುದ್ರಕ್ಕೆಂದು ಉಳಿಸಿದ್ದ ಗಾಳಿ ಆ ಒಂದು ಸಿಲಿಂಡರಿನಲ್ಲಿತ್ತು. ಅದನ್ನು ಕೆರೆಗೆ ಖರ್ಚು ಮಾಡುವುದೆಂದಾಯಿತು. ವಿಸರ್ಜನೆಗೆ ಬಂದಿದ್ದಕ್ಕಿಂತ ಹೆಚ್ಚು ಜನ ಮರುದಿನ ಕೆರೆ ಏರಿಯ ಮೇಲೆ ಸೇರಿದರು. ಮಂಡಕ್ಕಿಯವನು ಬಂದ, ಐಸ್‌ಕ್ಯಾಂಡಿಯವನು ಬಂದ, ಬಂದೋಬಸ್ತಿಗೆ ಒಬ್ಬ ಪೊಲೀಸಪ್ಪ ಬಂದು ಮಂಡಕ್ಕಿಯವನ ಪಕ್ಕ ನಿಂತ. ಮುಂದಿನ ಸಾಲಿನಲ್ಲಿ ಶಾಮಿಯಾನದ ಕುರ್ಚಿಯೊಂದರ ಮೇಲೆ ಕೊಡೆ ಹಿಡಿದು ಅತ್ತೆ. ಕರಿಯ ರಬ್ಬರ್ ಅಂಗಿ ತೊಟ್ಟು, ಕಪ್ಪೆ ಪಾದ ಹಾಕಿಕೊಂಡು, ಅವರು ಹಿಂದುಹಿಂದಕ್ಕೆ ನಡೆಯುತ್ತ ನೀರಿಗಿಳಿದರು. ಕೆರೆಯಲ್ಲಿದ್ದ ಎಮ್ಮೆಗಳು ತಮ್ಮ ಜಾತಿಯವನೇ ಎಂದು ಗುರುತಿಸಿದವೋ ಏನೋ, ಜಾಗ ಬಿಟ್ಟವು. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದು ಬೆಸ್ತರ ತೆಪ್ಪದಲ್ಲಿ ನಾನು ಕೂತೆ. ನೀರು ಚಹಾದ ಬಣ್ಣಕ್ಕಿತ್ತು. ಅವರು ಮುಳುಗಿದರು. ಗುಳ್ಳೆಗಳು ಮಾತ್ರ ಉಳಿದವು.

ದಡದಲ್ಲಿ ಅತ್ತೆಯ ವಾರ್ತಾಪ್ರಸಾರ ನಡೆದೇ ಇತ್ತು. ಈಗ ಬರುತ್ತಾರೆ, ಬಂದು ಹೇಳುತ್ತಾರೆ, ಕೇಳಿಸಿಕೊಳ್ಳಲು ಕಿವಿ ತೊಳೆದುಕೊಂಡಿರಿ, ಎಂದು ಅವರು ಅಧ್ಯಕ್ಷರಿಗೆ ಕೇಳುವಷ್ಟು ಜೋರಾಗಿ ಪಕ್ಕದವರಿಗೆ ಹೇಳುತ್ತಿದ್ದರು.

ಅಳಿಯ ನೀರಿನಿಂದ ಮೇಲೆದ್ದಾಗ ಬಲಗೈ ಮುಷ್ಟಿ ಬಿಗಿದಿತ್ತು. ತೆಪ್ಪಕ್ಕೆ ಒರಗಿ ಉಸಿರು ತಿರುಗಿಸಿಕೊಳ್ಳುವಾಗ ನನ್ನೊಬ್ಬನಿಗೇ ಕಾಣುವ ಹಾಗೆ ಮುಷ್ಟಿ ಬಿಚ್ಚಿದರು. ಪೀಪಾಯಿಯ ಬಿರಡೆ. ಅದರ ಕುತ್ತಿಗೆಗೆ ಅರಿಶಿನದ ದಾರ ಕಟ್ಟಿತ್ತು. ರಬ್ಬರ್ ವಾಷರ್ ಇರಬೇಕಾದಲ್ಲಿ ಮಡಿಸಿದ ವೀಳ್ಯದೆಲೆ. "ಎಲ್ಲದರಲ್ಲೂ ಹೀಗೇ ಇದೆ" ಎಂದರು, ಬಹಳ ಮೆಲ್ಲಗೆ.

ನನಗೆ ಆಗ ಹೊಳೆಯಿತು. ಖಾಲಿ ಪಾತ್ರೆಯ ಮೇಲೆ ದೇವರನ್ನು ಕೂರಿಸುವುದುಂಟೇ? ಖಾಲಿ ಕೊಡ ಎದುರಿಗೆ ಬಂದರೇ ನಾವು ಹೊರಟ ಕೆಲಸ ಬಿಟ್ಟು ಮನೆಗೆ ಹಿಂತಿರುಗುವವರು. ಅಳಿಯನನ್ನು ಸ್ನಾನಕ್ಕೆ ಅಟ್ಟಿದ ಆ ಹೊತ್ತಿನಲ್ಲಿ ಅತ್ತೆ ಶಾಮಿಯಾನದವನ ಕೈಲಿ ಬಿರಡೆಗಳನ್ನು ಬಿಚ್ಚಿಸಿ, ಪ್ರತಿ ಪೀಪಾಯಿಗೂ ಚೊಂಬು ನೀರು ಹಾಕಿ, ಬಾಯಿಗೆ ಎಲೆ ಇಟ್ಟು, ದಾರ ಕಟ್ಟಿ, ಅಷ್ಟನ್ನೂ ಪೂರ್ಣಕಲಶ ಮಾಡಿಬಿಟ್ಟಿದ್ದರು. ಎಲೆ ಸಿಕ್ಕಿಕೊಂಡ ಬಿರಡೆ ಪೂರ್ತಿ ತಿರುಗದೆ ನಿಂತಿತ್ತು. ಉಳಿದದ್ದನ್ನು ಅಧ್ಯಕ್ಷರ ಭಾಷಣ ನೋಡಿಕೊಂಡಿತು. ಅಳಿಯ ಗೆಲ್ಲಲಿ ಎಂದೇ ಮಾಡಿದ ಪೂಜೆ ಅದು.

"ಏನಾಗಿತ್ತು ಕ್ಯಾಪ್ಟನ್ರೇ?" ಎಂದು ಏರಿಯ ಮೇಲಿಂದ ಅಧ್ಯಕ್ಷರು ಕೇಳಿದರು. ಮಂಡಕ್ಕಿ ಜಗಿಯುವ ಸದ್ದು ನಿಂತಿತು. ನಮ್ಮವರು ಕೊಡೆಯ ಕೆಳಗಿನ ಕುರ್ಚಿಯನ್ನು ಒಮ್ಮೆ ನೋಡಿದರು. ಅತ್ತೆ ಮುಂದಕ್ಕೆ ಬಾಗಿ, ಮಗ್ಗಿ ಒಪ್ಪಿಸಲು ನಿಂತ ಮಗುವನ್ನು ತಾಯಿ ನೋಡುವ ಹಾಗೆ ನೋಡುತ್ತಿದ್ದರು.

"ಲೆಕ್ಕ ತಪ್ಪಿತ್ತು" ಎಂದರು ಅವರು. "ನಂದೇ."

ಬೆರಳುಗಳು ಬಿರಡೆಯ ಮೇಲೆ ಮುಚ್ಚಿಕೊಂಡವು. ಅಧ್ಯಕ್ಷರು ಉದಾರವಾಗಿ, ಒಪ್ಪಿಕೊಂಡಿರಲ್ಲ ಅದು ದೊಡ್ಡತನ, ಎಂದರು. ಅತ್ತೆ ಮಾತ್ರ ಕೊಡೆ ಮಡಚಿ, ಎದ್ದು, ಮಗಳ ಮನೆಗೂ ಬರದೆ ಭದ್ರಾವತಿಯ ಬಸ್ಸು ಹತ್ತಿಬಿಟ್ಟರು. ಇಷ್ಟು ವರ್ಷಕ್ಕೆ ಒಂದು ಸಲ ನಂಬಿದ್ದರು, ಅದೂ ಹೀಗಾಯಿತು.

ಆಟೋದಲ್ಲಿ ಮನೆಗೆ ಬರುವಾಗ, ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ. ಅವರು ಬಿರಡೆಯನ್ನು ತಿರುಗಿಸಿ ನೋಡುತ್ತ, "ಹೇಳಬಹುದಿತ್ತು ಸಾರ್. ಆದ್ರೆ ಅತ್ತೆಗೆ ಈಜು ಬರಲ್ಲ" ಎಂದರು.

ಆ ವರ್ಷವೆಲ್ಲ ಊರು ಅವರನ್ನು ಆಡಿಕೊಂಡಿತು. ಚರಂಡಿ ಕಟ್ಟಿಕೊಂಡರೆ ಕ್ಯಾಪ್ಟನ್ನನ್ನು ಕರೆಸಿ ಎನ್ನುವುದು, ಅವರು ಹೋಟೆಲಿಗೆ ಬಂದರೆ ಸಾಂಬಾರಿನಲ್ಲಿ ಮುಳುಗಿದ ವಡೆಯನ್ನು ತೋರಿಸಿ ಕಾರಣ ಕೇಳುವುದು. ಅವರು ವಡೆಯನ್ನು ಪರಿಶೀಲಿಸಿ, "ನಡುವೆ ತೂತು. ವಿನ್ಯಾಸದ ದೋಷ" ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಿದ್ದರು. ಆದರೆ ಲಾಂಚಿನವರು ಮತ್ತೆ ಬರಲಿಲ್ಲ, ಭದ್ರಾವತಿಯಿಂದ ಕರೆಯೂ ಬರಲಿಲ್ಲ.

ಬಿರಡೆಯನ್ನು ಅವರು ನಕ್ಷೆ ಬರೆಯುವ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದರು. ಇದ್ಯಾಕೆ ಎಂದು ಹೆಂಡತಿ ಕೇಳಿದರೆ ತನಗೆ ಸಿಕ್ಕ ಒಂದೇ ನಿಧಿ ಎನ್ನುತ್ತಿದ್ದರು. ಮುಂದಿನ ಮಳೆಗಾಲದಲ್ಲಿ, ಮಗಳ ಒತ್ತಾಯಕ್ಕೆ, ಅತ್ತೆ ಬಿಗಿದ ಮುಖದಲ್ಲೇ ಬಂದರು. ಮೇಜು ಒರೆಸುವಾಗ ಬಿರಡೆ ಕೈಗೆ ಸಿಕ್ಕಿತು. ದಾರದ ಬಣ್ಣ ಹೋಗಿತ್ತು, ಗಂಟು ಹೋಗಿರಲಿಲ್ಲ. ತಾವು ಹಾಕಿದ ಗಂಟು ತಮಗೆ ಗೊತ್ತಾಗದೇ? ಅವರು ಅಲ್ಲೇ ಕೂತುಬಿಟ್ಟರು. ಅಂದು ಅತ್ತೆ ಊಟ ಮಾಡಲಿಲ್ಲ, ಮಾತೂ ಆಡಲಿಲ್ಲ. ಎರಡನೆಯದು ಆ ಮನೆಯಲ್ಲಿ ಹಿಂದೆಂದೂ ಆಗಿರದ ಸಂಗತಿ ಎಂದು ನಮ್ಮವರೇ ನನಗೆ ಹೇಳಿದರು.

ಮರುದಿನ ನಮ್ಮ ಸಮಿತಿಯ ಸಭೆ. ಬೇಡ ಅತ್ತೆ, ಬಿಟ್ಟುಬಿಡಿ ಎಂದು ಅಳಿಯ ಹಿಂದೆಯೇ ಬರುತ್ತಿದ್ದರೂ ಕೇಳದೆ, ಸೆರಗಿನಲ್ಲಿ ಬಿರಡೆ ಗಂಟು ಕಟ್ಟಿಕೊಂಡು ಅವರು ಸಭೆಗೆ ಬಂದರು. ಬಂದವರೇ ಬಿರಡೆಯನ್ನು ಅಧ್ಯಕ್ಷರ ಮುಂದಿಟ್ಟು, "ಮುಳುಗಿಸಿದ್ದು ನಾನು. ಎಲೆ ಇಟ್ಟೋಳು ನಾನು, ನೀರು ಹಾಕಿದೋಳು ನಾನು. ಇವರ ಲೆಕ್ಕ ಸರಿ ಇತ್ತು" ಎಂದರು.

ಅಧ್ಯಕ್ಷರು ಎದ್ದು ನಿಂತರು. ಅವರ ಕಣ್ಣಲ್ಲಿ ನೀರಿತ್ತು. "ಅಮ್ಮಾ, ಸಾಕು" ಎಂದು ಕೈ ಮುಗಿದರು. "ಅಳಿಯನ ಮಾನ ಉಳಿಸೋಕೆ ಈ ವಯಸ್ಸಲ್ಲಿ ಅಪವಾದ ತಲೆ ಮೇಲೆ ಹೊತ್ಕೊಂಡು ಬಂದ್ರಲ್ಲ. ಇಂಥ ಅತ್ತೆ ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ?"

"ನಿಂಗೇನು ಕಿವಿ ಕೇಳ್ಸಲ್ವೇನಪ್ಪ? ನಾನೇ ಅಂತಿದೀನಿ."

"ನೋಡಿ, ಇನ್ನೂ ಹೇಗೆ ಹೇಳ್ತಿದಾರೆ" ಎಂದು ವಕೀಲರು ಗದ್ಗದಿತರಾದರು. ನಾನು ಎದ್ದು, ಬಿರಡೆಯನ್ನು ಕೆರೆಯಲ್ಲೇ ಕಣ್ಣಾರೆ ನೋಡಿದ್ದೇನೆಂದು ಸಾಕ್ಷಿ ಹೇಳಿದೆ. ಪಕ್ಕದ ಮನೆಯವರು ನೀವು, ಹೇಳಲೇಬೇಕು, ಎಂದರು ಎಲ್ಲರೂ. ಶಾಮಿಯಾನದವನನ್ನು ಕರೆಸಿ ಕೇಳಿದರೆ, ಆ ವರ್ಷದ ಗುತ್ತಿಗೆ ಎಲ್ಲಿ ತಪ್ಪುತ್ತದೋ ಎಂದು ಹೆದರಿ, ಬಿರಡೆ ಎಂಬುದನ್ನೇ ತಾನು ನೋಡಿಲ್ಲವೆಂದು ದೇವರ ಆಣೆ ಹಾಕಿದ. ಕಡೆಗೆ ಸಭೆ ಸರ್ವಾನುಮತದಿಂದ ನಿರ್ಣಯಿಸಿತು. ಆ ಸಲದ ಗಣೇಶೋತ್ಸವದಲ್ಲಿ ಅತ್ತೆಯವರಿಗೆ ಸನ್ಮಾನ.

ಸನ್ಮಾನ ಸಾಂಗವಾಗಿಯೇ ನಡೆಯಿತು. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಜರಿಯಂಚಿನ ಶಾಲು. ಗೋಪಾಳದಲ್ಲಿ ಇಂಥ ಅತ್ತೆ ಒಬ್ಬರಾದರೂ ಇದ್ದರೆ ತೋರಿಸಲಿ ಎಂಬ ಧಾಟಿಯಲ್ಲಿ ಅಧ್ಯಕ್ಷರು ದೀರ್ಘವಾಗಿ ಮಾತಾಡಿದರು. ಈ ಸಲ ನೆಲದ ಮೇಲಿದ್ದುದರಿಂದ ಅಪಾಯವಿರಲಿಲ್ಲ. ಆಮೇಲೆ ಅತ್ತೆಯ ಕೈಗೆ ಮೈಕು ಕೊಟ್ಟರು. ಅವರು ಅದನ್ನು ಕುತ್ತಿಗೆ ಹಿಡಿಯುವ ಹಾಗೆ ಹಿಡಿದು, "ನಾನು ನಿಜ ಹೇಳ್ತಿದೀನಿ ಕಣ್ರಪ್ಪ, ಗಣಪತೀನ ಮುಳುಗಿಸಿದ್ದು ನಾನೇ" ಎಂದರು. ಚಪ್ಪಾಳೆ ಮುಗಿಲು ಮುಟ್ಟಿತು. ಎಲ್ಲರಿಗಿಂತ ಹೆಚ್ಚು ಹೊತ್ತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ, ಚಪ್ಪಾಳೆ ತಟ್ಟುತ್ತಿದ್ದವರು ನನ್ನ ಪಕ್ಕದಲ್ಲಿ ಕೂತಿದ್ದ ಅಳಿಯಂದಿರು.

ಅತ್ತೆ ಮೈಕನ್ನು ಅಧ್ಯಕ್ಷರ ಕೈಗೆ ತುರುಕಿ, ವೇದಿಕೆಯ ಮೆಟ್ಟಿಲು ಹಿಡಿದುಕೊಂಡು ಇಳಿದರು. ಜನ ದಾರಿ ಬಿಟ್ಟರು. ಅವರು ನೆಟ್ಟಗೆ ನಮ್ಮ ಸಾಲಿಗೆ ಬಂದು, ಮೈಮೇಲಿನ ಶಾಲನ್ನು ತೆಗೆದು, ಅಳಿಯನ ಹೆಗಲಿಗೆ ಹಾಕಿ, ಎರಡೂ ಅಂಚನ್ನು ಎಳೆದು ಸರಿಮಾಡಿದರು.

"ಹೊದ್ಕೊಳ್ಳಿ" ಎಂದರು. "ಒದ್ದೆ ಆಗಿದ್ದು ನೀವು."

ಅಳಿಯನ ನಗು ಅಲ್ಲೇ ನಿಂತಿತು. ಬಾಗಿ ಅತ್ತೆಯ ಪಾದ ಮುಟ್ಟಿದರು. ಊರು ಅದನ್ನೂ ಆ ಮಹಾತಾಯಿಯ ದೊಡ್ಡಗುಣಕ್ಕೇ ಸೇರಿಸಿಕೊಂಡು, ಎದ್ದು ನಿಂತು ಇನ್ನೊಮ್ಮೆ ಚಪ್ಪಾಳೆ ತಟ್ಟಿತು.